ಕಡಲಿಲ್ಲದ ಊರಿನಿಂದ ಕಾವೇರಿ ದಡಕ್ಕೆ

ಚನ್ನಪಟ್ಟಣದ ಪಕ್ಕದ ನಮ್ಮ ದೊಡ್ಡಮಳೂರಿನಿಂದ ಮಂಗಳೂರಿನ ಕಡಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕಾದ ಸಂಸಾರಕ್ಕೆ ಈ ಲೆಕ್ಕ ಕೂಡಿಬರುವುದಿಲ್ಲ. ಎರಡು ದಿನದಲ್ಲಿ ಒಂದು ದಿನ ಕಾರಿನೊಳಗೇ ಮುಗಿಯುತ್ತದೆ, ಘಾಟಿಯ ತಿರುವುಗಳಲ್ಲಿ ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಬರುತ್ತದೆ, ಕಡಲು ಕಂಡು ಕಾಲು ನೆನೆಸುವಷ್ಟರಲ್ಲಿ ವಾಪಸು ಹೊರಡುವ ಹೊತ್ತು. ನೀರಿನ ಪಕ್ಕದಲ್ಲಿ ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕು, ಬೆಳಿಗ್ಗೆ ಮರಗಳ ನಡುವೆ ಸ್ವಲ್ಪ ದೂರ ನಡೆಯಬೇಕು ಅನ್ನುವುದಷ್ಟೇ ಆಸೆಯಾದರೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮೂರ ಅಪ್ರಮೇಯಸ್ವಾಮಿ ಗುಡಿಯ ಸನಿಹದಲ್ಲಿ ಹರಿಯುವ ಕಣ್ವ ಮುಂದೆ ಶಿಂಷೆಗೆ ಸೇರುತ್ತದೆ, ಶಿಂಷೆ ಕಾವೇರಿಗೆ. ಆ ಕಾವೇರಿ ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆಗಳನ್ನು ದಾಟಿ ಅರ್ಕಾವತಿ ಕೂಡುವ ಸಂಗಮದವರೆಗೆ ಕಾಡಿನ ನಡುವೆಯೇ ಹರಿಯುತ್ತದೆ. ನಮ್ಮೂರ ಹೊಳೆಯ ನೀರೇ ಹೋಗಿ ಸೇರುವ ಆ ದಡ, ದೊಡ್ಡಮಳೂರಿನಿಂದ ಒಂದೂವರೆ ಎರಡು ಗಂಟೆಯ ದಾರಿ.

ನಮ್ಮ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬಂತು. ಆದರೂ ದಾರಿ ಕೇಳುವಾಗ ಎಲ್ಲರ ಬಾಯಲ್ಲೂ ರಾಮನಗರವೇ, ಇಲ್ಲಿಯೂ ಹಾಗೆಯೇ ಬರೆದಿದ್ದೇನೆ.

ಎಲ್ಲೆಂದರಲ್ಲಿ ಟೆಂಟ್ ಹೊಡೆಯುವ ಹಾಗಿಲ್ಲ

ಫೋನಿನಲ್ಲಿ ನೋಡುವ ವಿಡಿಯೋಗಳಲ್ಲಿ ನಾಲ್ಕು ಜನ ಹುಡುಗರು ಹೊಳೆಯ ಮರಳಿನ ಮೇಲೆ ಟೆಂಟ್ ಎಬ್ಬಿಸಿ, ಸೌದೆ ಉರಿಸಿ, ಕೋಳಿ ಸುಡುತ್ತಿರುತ್ತಾರೆ. ಅದನ್ನು ಕಂಡು ಹೊರಡಬೇಡಿ. ಈ ಭಾಗದ ಕಾವೇರಿ ದಡದ ಬಹುಪಾಲು ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. 1987ರಲ್ಲಿ ಘೋಷಣೆಯಾದ ಈ ಧಾಮವನ್ನು ಆಮೇಲೆ ವಿಸ್ತರಿಸಿದರು. ಈಗ ಅದು ರಾಮನಗರ, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಸಾವಿರ ಚದರ ಕಿಲೋಮೀಟರಿಗೂ ಮೀರಿ ಹರಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಒಳಗೆ ಹೋಗುವುದು, ಬೆಂಕಿ ಹಚ್ಚುವುದು ಎರಡೂ ಅಪರಾಧ. ಕಾನೂನಿನ ಮಾತು ಬದಿಗಿಟ್ಟರೂ, ರಾತ್ರಿ ನೀರು ಕುಡಿಯಲು ಆನೆ ಇಳಿಯುವ ಜಾಗ ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಆ ವಿಡಿಯೋ ಮಾಡಿದ ಹುಡುಗರಿಗೂ ಗೊತ್ತಿರಲಿಲ್ಲ.

ಹಾಗಾಗಿ ಸಂಸಾರ ಕಟ್ಟಿಕೊಂಡು ಹೋಗುವವರಿಗೆ ಸರಿಯಾದ ದಾರಿ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಕ್ಯಾಂಪುಗಳು. 1980ರಲ್ಲಿ ಶುರುವಾದ ಈ ಸಂಸ್ಥೆ ಕಾವೇರಿ ದಡದಲ್ಲಿ ಮೊದಲು ಕ್ಯಾಂಪ್ ನಡೆಸಿದ್ದು ನಮ್ಮಂಥವರಿಗಾಗಿ ಅಲ್ಲ, ಮಹಶೀರ್ ಮೀನಿಗೆ ಗಾಳ ಹಾಕಲು ದೇಶವಿದೇಶಗಳಿಂದ ಬರುತ್ತಿದ್ದ ಹವ್ಯಾಸಿಗಳಿಗಾಗಿ. ಹಿಡಿದು, ತೂಗಿ, ಫೋಟೋ ತೆಗೆದು ಮತ್ತೆ ನೀರಿಗೇ ಬಿಡುವ ಪದ್ಧತಿ ಇತ್ತು. ಅಭಯಾರಣ್ಯದೊಳಗೆ ಗಾಳ ಹಾಕುವುದೇ ಕಾನೂನಿಗೆ ಒಪ್ಪುವುದಿಲ್ಲವೆಂದು ಆಮೇಲೆ ಅದು ನಿಂತಿತು. ಕಾವೇರಿ ಹೊಳೆಗಷ್ಟೇ ಸೀಮಿತವಾದ ಡುಬ್ಬದ ಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನಂಚಿನ ತೀರಾ ಗಂಭೀರ ಪಟ್ಟಿಗೆ ಸೇರಿಸಿದರು. ಮಕ್ಕಳು ಗಾಳದ ಕಡ್ಡಿ ತರೋಣವಾ ಎಂದು ಕೇಳಿದರೆ ಉತ್ತರ ಇಷ್ಟೇ: ಬೇಡ.

ಕನಕಪುರ ಕಡೆಯಿಂದ ಹೋದರೆ ಗಾಳಿಬೋರೆ, ಮಳವಳ್ಳಿ ಕಡೆಯಿಂದ ಹೋದರೆ ಭೀಮೇಶ್ವರಿ. ಎರಡರಲ್ಲಿ ಯಾವುದು ಎಂದರೆ ಜೊತೆಗೆ ಬರುವವರು ಯಾರು ಎಂಬುದರ ಮೇಲೆ ಹೋಗುತ್ತದೆ. ಹೈಸ್ಕೂಲು, ಕಾಲೇಜು ವಯಸ್ಸಿನ ಮಕ್ಕಳಿದ್ದರೆ ಭೀಮೇಶ್ವರಿ ಒಳ್ಳೆಯದು. ಅಲ್ಲಿ ಜಿಪ್‌ಲೈನ್, ಹಗ್ಗದ ಮೇಲಿನ ನಡಿಗೆ, ಕಯಾಕಿಂಗ್ ಎಲ್ಲ ಇದೆ, ಜನವೂ ಹೆಚ್ಚು. ಹತ್ತು ವರ್ಷದೊಳಗಿನ ಮಕ್ಕಳು, ಜೊತೆಗೆ ಅಜ್ಜಿ ತಾತ ಇದ್ದರೆ ನನ್ನ ಮತ ಗಾಳಿಬೋರೆಗೆ. ಅಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇಲ್ಲ, ಅದೇ ಅದರ ಗುಣ. ಟೆಂಟು ಎಂದರೂ ನೆಲದ ಮೇಲೆ ಹಾಸಿದ ಬಟ್ಟೆಯಲ್ಲ. ಒಳಗೆ ಮಂಚ, ಹಿಂದೆ ಬಚ್ಚಲು ಇರುವ ಟೆಂಟ್ ಮನೆ. ಮಂಡಿನೋವಿನವರು ಮೊದಲು ಕೇಳುವುದೇ ಕಮೋಡ್ ಇದೆಯಾ ಎಂದು. ಇದೆ.

ದರವನ್ನು ತಲೆಗೆ ಇಷ್ಟು ಎಂದು ಹಾಕುತ್ತಾರೆ. ಊಟ, ಸಂಜೆಯ ಚಹಾ, ತಿಂಡಿ ಎಲ್ಲ ಅದರಲ್ಲೇ ಸೇರಿರುವುದರಿಂದ ಮೊದಲ ನೋಟಕ್ಕೆ ದುಬಾರಿ ಅನ್ನಿಸುತ್ತದೆ. ಬುಕ್ ಮಾಡುವಾಗ ಮಕ್ಕಳ ವಯಸ್ಸನ್ನು ಸರಿಯಾಗಿ ಹೇಳಿ, ದರ ಅದರಿಂದಲೇ ಬದಲಾಗುತ್ತದೆ. ತೆಪ್ಪದ ಸವಾರಿ, ಗೈಡ್ ಜೊತೆಗಿನ ನಡಿಗೆ ಆ ದರದಲ್ಲೇ ಇದೆಯೋ ಬೇರೆಯೋ ಎಂದು ಕೇಳಿಕೊಳ್ಳಿ. ಡಿಸೆಂಬರ್ ಕೊನೆಯ ವಾರ, ಸಂಕ್ರಾಂತಿ, ಸಾಲು ರಜೆಗಳಿಗೆ ತಿಂಗಳು ಮುಂಚೆ ನೋಡಿದರೂ ತಡವೇ. ಸಾಧ್ಯವಾದರೆ ವಾರದ ನಡುವೆ ಹೋಗಿ. ಶಾಲೆಗೆ ಒಂದು ದಿನ ಚಕ್ಕರ್ ಹೊಡೆದರೆ ಮುಳುಗುವುದೇನೂ ಇಲ್ಲ.

ಇದಕ್ಕೆಲ್ಲ ಮುಂಚೆ, ಮಕ್ಕಳು ಟೆಂಟಿನಲ್ಲಿ ಮಲಗುತ್ತಾರೋ ಇಲ್ಲವೋ ಎಂದು ತಿಳಿಯಲು ಊರಲ್ಲೇ ಒಂದು ರಾತ್ರಿ ಪ್ರಯೋಗ ಮಾಡಬಹುದು. ದೊಡ್ಡಮಳೂರು, ಚನ್ನಪಟ್ಟಣದ ಸುತ್ತ ತೋಟ ಇಲ್ಲದ ನೆಂಟರು ಯಾರಿದ್ದಾರೆ? ಮಾವಿನ ತೋಪಿನ ಬಯಲಲ್ಲಿ ಟೆಂಟ್ ಹಾಕಿ. ತೆಂಗಿನ ಮರದ ಬುಡದಲ್ಲಿ ಮಾತ್ರ ಖಂಡಿತ ಬೇಡ. ನಡುರಾತ್ರಿ ಕಾಯಿಯೋ ಒಣಗಿದ ಗರಿಯೋ ಬಿದ್ದರೆ ಟೆಂಟಿನ ಬಟ್ಟೆ ತಡೆಯುವುದಿಲ್ಲ. ಹಿಪ್ಪುನೇರಳೆ ಸೊಪ್ಪಿನ ತೋಟವೂ ಆಗದು, ಬೆಳಗಿನ ಜಾವ ಸೊಪ್ಪು ಕೊಯ್ಯಲು ಬರುವವರಿಗೆ ಅಡ್ಡ.

ಹೊಳೆಯ ಲೆಕ್ಕ ಪತ್ರಿಕೆಯಲ್ಲೇ ಇರುತ್ತದೆ

ಹೋಗಲು ಒಳ್ಳೆಯ ಕಾಲ ನವೆಂಬರ್ ನಡುವಿನಿಂದ ಫೆಬ್ರವರಿ. ಅಕ್ಟೋಬರಿನಲ್ಲಿ ಕಾಡು ಹಸಿರಾಗಿರುತ್ತದೆ, ಆದರೆ ಹಿಂಗಾರು ಮಳೆ ಸಂಜೆಯ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತದೆ. ಮಾರ್ಚ್ ದಾಟಿದರೆ ಇದು ಕುರುಚಲು ಕಾಡು, ಎಲೆ ಉದುರಿ ಬಿಸಿಲು ನೇರ ನೆತ್ತಿಗೆ. ಆಗ ಒಳಕಾಡಿನ ಹಳ್ಳಗಳು ಬತ್ತಿ ಆನೆಗಳು ಹೊಳೆಯ ಪಕ್ಕಕ್ಕೇ ಬಂದು ಸೇರುತ್ತವೆ, ಕಾಡ್ಗಿಚ್ಚಿನ ಭಯಕ್ಕೆ ನಡಿಗೆಗಳನ್ನು ನಿಲ್ಲಿಸುವುದೂ ಉಂಟು.

ಜುಲೈ, ಆಗಸ್ಟ್ ತಿಂಗಳ ಮಾತೇ ಬೇರೆ. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಏಕೆಂದರೆ ಮಳೆ ಆಗುವುದು ಕೊಡಗಿನಲ್ಲಿ, ವಯನಾಡಿನಲ್ಲಿ. ಕಬಿನಿ, ಕೆಆರ್‌ಎಸ್ ತುಂಬಿದ ಮೇಲೆ ಬಿಟ್ಟ ನೀರು ಶಿವನಸಮುದ್ರ ಇಳಿದು ಈ ಕಣಿವೆಗೆ ಬರುತ್ತದೆ. ಹೊರಡುವ ವಾರ ಪತ್ರಿಕೆಯಲ್ಲಿ ಜಲಾಶಯಗಳ ಮಟ್ಟದ ಪುಟ್ಟ ಪಟ್ಟಿಯನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ನೀರು ಆ ಅಂಕಿಯ ಹತ್ತಿರ ಬಂದು ಹೊರಹರಿವು ಹತ್ತಾರು ಸಾವಿರ ಕ್ಯೂಸೆಕ್ ಎಂದು ಬರೆದಿದ್ದರೆ ಪ್ರವಾಸ ಮುಂದಕ್ಕೆ ಹಾಕುವುದು ಮೇಲು. ಆಗ ಸಂಗಮದಲ್ಲಿ ತೆಪ್ಪ ಬಿಡುವುದಿಲ್ಲ, ದಡದ ಕಲ್ಲುಗಳೂ ಕಾಣುವುದಿಲ್ಲ. ರೈತರಿಗೆ ಬೆಳೆಯ ಸುದ್ದಿಯಾದ ಆ ಪಟ್ಟಿ ಪ್ರವಾಸಿಗೆ ಜೀವದ ಸುದ್ದಿ.

ನೀರು ಕಡಿಮೆ ಇದ್ದಾಗ ಅಪಾಯ ಕಡಿಮೆ ಅಂದುಕೊಳ್ಳುವುದೇ ದೊಡ್ಡ ತಪ್ಪು. ಈ ಹೊಳೆಯ ತಳ ಸಮನಾದ ಮರಳಲ್ಲ, ಬಂಡೆ. ಸಾವಿರಾರು ವರ್ಷ ನೀರಿನ ಸುಳಿಯಲ್ಲಿ ಸಿಕ್ಕ ಬೆಣಚುಕಲ್ಲುಗಳು ತಿರುಗಿ ತಿರುಗಿ ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕೊರೆದಿವೆ. ಮೊಣಕಾಲುದ್ದದ ನೀರಲ್ಲಿ ನಡೆಯುತ್ತಿದ್ದವರ ಮುಂದಿನ ಹೆಜ್ಜೆ ತಲೆ ಮುಳುಗುವ ಆಳದಲ್ಲಿರಬಹುದು. ಕಲ್ಲಿನ ಮೇಲಿನ ಪಾಚಿ ಒಣಗಿದಂತೆ ಕಂಡರೂ ಜಾರುತ್ತದೆ. ಮಡುಗಳಲ್ಲಿ ಮೊಸಳೆ ಇದೆ. ಚಳಿಗಾಲದ ಬೆಳಿಗ್ಗೆ ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುವುದನ್ನು ತೆಪ್ಪದಿಂದಲೇ ತೋರಿಸುತ್ತಾರೆ. ಸಂಗಮ, ಮೇಕೆದಾಟು, ಮುತ್ತತ್ತಿಗಳಲ್ಲಿ ಈಜಲು ಇಳಿದು ಸತ್ತವರ ಸುದ್ದಿ ಪ್ರತಿ ವರ್ಷ ಬರುತ್ತದೆ, ಹೆಚ್ಚಿನವರು ಯುವಕರೇ. ತೆಪ್ಪದವರು ಹೇಳುವುದನ್ನು ಕೇಳಿ. "ಅಲ್ಲಿ ಇಳೀಬ್ಯಾಡಿ ಸಾರ್, ಕೆಳಗೆ ಮಡು ಐತೆ" ಎಂದರೆ ಅದು ಸಲಹೆಯಲ್ಲ, ನಿಷೇಧ.

ಹಾಗಾಗಿ ಮನೆಯಿಂದ ಹೊರಡುವಾಗಲೇ ಮಕ್ಕಳ ಜೊತೆ ಕರಾರು ಮಾಡಿಕೊಳ್ಳಿ: ಈ ಪ್ರವಾಸದಲ್ಲಿ ಹೊಳೆ ಇರುವುದು ನೋಡುವುದಕ್ಕೆ, ಇಳಿಯುವುದಕ್ಕಲ್ಲ. ಕೇಳಲು ಬೇಸರದ ಕರಾರು, ನಿಜ. ಆದರೆ ನೀರಿಗಿಳಿಯುವುದು ಬಿಟ್ಟ ಮೇಲೆ ನೋಡುವುದಕ್ಕೆ ಏನೇನಿದೆ ಎಂದು ಗೊತ್ತಾಗುತ್ತದೆ. ರೆಕ್ಕೆ ಬಿಚ್ಚಿ ಕಲ್ಲಿನ ಮೇಲೆ ಒಣಗಿಸಿಕೊಳ್ಳುವ ನೀರುಕಾಗೆ, ಹಾವಿನ ಹಾಗೆ ಕತ್ತು ಮಾತ್ರ ಹೊರಗಿಟ್ಟು ಈಜುವ ಹಾವಕ್ಕಿ, ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಲ್ಲೆಸೆದಂತೆ ಬೀಳುವ ಕಪ್ಪು ಬಿಳಿ ಮಿಂಚುಳ್ಳಿ. ಅದೃಷ್ಟವಿದ್ದರೆ ನೀರುನಾಯಿಗಳ ಗುಂಪು ಎದುರು ದಡದಲ್ಲಿ ಮೀನು ಹಿಡಿಯುವುದು ಕಾಣುತ್ತದೆ. ಇದಕ್ಕೆ ಬೇಕಾದದ್ದು ಒಂದು ಬೈನಾಕ್ಯುಲರ್ ಮತ್ತು ಒಂದು ಗಂಟೆ ಸುಮ್ಮನೆ ಕೂರುವ ತಾಳ್ಮೆ. ಮೊದಲ ಹತ್ತು ನಿಮಿಷ ಮಕ್ಕಳು ಸಾಕು ಸಾಕು ಎನ್ನುತ್ತಾರೆ. ಒಂದು ಹಕ್ಕಿ ಮೀನು ಹಿಡಿದದ್ದನ್ನು ಕಂಡ ಮೇಲೆ ಎಬ್ಬಿಸುವುದೇ ಕಷ್ಟ.

ತೆಪ್ಪ ಹತ್ತುವುದಾದರೆ ಲೈಫ್ ಜಾಕೆಟ್ ಎಲ್ಲರಿಗೂ, ಈಜು ಬರುವ ಅಪ್ಪನಿಗೂ. ಚಿಕ್ಕ ಮಕ್ಕಳಿಗೆ ದೊಡ್ಡವರ ಜಾಕೆಟ್ ಕಟ್ಟಿದರೆ ನೀರಿಗೆ ಬಿದ್ದಾಗ ಅದು ಮೇಲೆ ಜಾರಿ ಹೋಗುತ್ತದೆ. ಅಳತೆಯದು ಇಲ್ಲದಿದ್ದರೆ ಆ ಮಗು ದಡದಲ್ಲೇ ಇರಲಿ. ತೆಪ್ಪದವನು ಮಧ್ಯದಲ್ಲಿ ಗಿರಗಿರನೆ ತಿರುಗಿಸಲಾ ಎಂದು ಕೇಳುತ್ತಾನೆ. ಅಜ್ಜಿ ಜೊತೆಗಿದ್ದರೆ ಬೇಡ ಎನ್ನಿ.

ಒಂದು ಗಂಟೆಯ ಕಾಡು

ಕಾಡಿನ ನಡಿಗೆ ಎಂದ ಕೂಡಲೇ ಬೆಟ್ಟ ಹತ್ತುವುದೇ ಆಗಬೇಕಿಲ್ಲ. ಮಕ್ಕಳ ಜೊತೆ ಎರಡು ಕಿಲೋಮೀಟರ್ ಸಾಕು. ಬೆಳಿಗ್ಗೆ ಆರೂವರೆ ಏಳಕ್ಕೆ ಕ್ಯಾಂಪಿನ ಗೈಡ್ ಜೊತೆ ಹೊರಟರೆ ತಿಂಡಿ ಹೊತ್ತಿಗೆ ವಾಪಸು. ಗೈಡ್ ಇಲ್ಲದೆ ಕ್ಯಾಂಪಿನ ಬೇಲಿ ದಾಟಬೇಡಿ, ಇದು ಆನೆಯ ಕಾಡು.

ಹೊಳೆಯ ಪಕ್ಕದ ಕಾಡು ಒಳಗಿನ ಕಾಡಿಗಿಂತ ಬೇರೆ. ದಡದುದ್ದಕ್ಕೂ ನೀರಿಗೆ ಬೇರಿಳಿಸಿ ನಿಂತ ಬೆಳ್ಳಗಿನ ನುಣುಪು ಕಾಂಡದ ಹೊಳೆಮತ್ತಿ, ದೊಡ್ಡ ಹುಣಸೆ, ಹೊಂಗೆ, ನೇರಳೆ. ನೂರು ಹೆಜ್ಜೆ ಮೇಲಕ್ಕೆ ಹೋದರೆ ಹಸಿರು ಮುಗಿದು ಜಾಲಿ, ದಿಂಡಿಗ, ಬಿದಿರು ಶುರು. ಈ ಹೊಳೆಮತ್ತಿ ಮರಗಳ ಮೇಲೆ ಕತ್ತೆತ್ತಿ ನೋಡುತ್ತಾ ನಡೆಯಿರಿ. ಬೂದು ಬಣ್ಣದ, ಬೆಕ್ಕಿನಷ್ಟು ದೊಡ್ಡ ಅಳಿಲು ಇಲ್ಲಿದೆ. ಪಶ್ಚಿಮ ಘಟ್ಟದಲ್ಲಿ ಕಾಣುವ ಕೆಂಜಳಿಲಿನ ದಾಯಾದಿ ಇದು, ಆದರೆ ಅದರಷ್ಟು ಎಲ್ಲೆಡೆ ಇಲ್ಲ. ದಕ್ಷಿಣ ಭಾರತದ ಕೆಲವೇ ಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಇರುವ ಜಾತಿ. ಕರ್ನಾಟಕದಲ್ಲಿ ಅದರ ಮುಖ್ಯ ನೆಲೆ ಈ ಹೊಳೆದಡವೇ. ಅದು ನೆಲಕ್ಕೆ ಇಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೆ ನೆಗೆದೇ ಓಡಾಡಬೇಕು. ಮರಗಳು ಒಂದಕ್ಕೊಂದು ತಾಕುವಂತೆ ಬೆಳೆದಿರುವುದು ದಡದಲ್ಲಿ ಮಾತ್ರವಾದ್ದರಿಂದ ಅದರ ಲೋಕವೂ ಅಷ್ಟೇ ಅಗಲ. ಕೊಂಬೆಯ ಕವಲಲ್ಲಿ ಎಲೆ ಕಡ್ಡಿ ಒಟ್ಟಿದ ದೊಡ್ಡ ಗೂಡು ಕಂಡರೆ ಹಕ್ಕಿಯದೆಂದು ಮುಂದೆ ಹೋಗಬೇಡಿ, ಸ್ವಲ್ಪ ನಿಲ್ಲಿ.

ಮೇಕೆದಾಟುವಿನ ಬಳಿ ಕಟ್ಟಬೇಕೆಂದಿರುವ 67 ಟಿಎಂಸಿಯ ಅಣೆಕಟ್ಟಿನ ವಾದ ವರ್ಷಗಳಿಂದ ನಡೆದಿದೆ. ಬೆಂಗಳೂರಿನ ಕುಡಿಯುವ ನೀರು ಒಂದು ಕಡೆ, ತಮಿಳುನಾಡಿನ ಆಕ್ಷೇಪ ಇನ್ನೊಂದು ಕಡೆ. ಈ ಎರಡರ ನಡುವೆ ಮುಳುಗಡೆಯಾಗುವ ಕಾಡಿನ ಮಾತು ಬರುವುದು ಕಡಿಮೆ. ಅದು ಇದೇ ಕಾಡು.

ಪ್ರಾಣಿ ಕಾಣಲೇಬೇಕೆಂದು ಮಕ್ಕಳಿಗೆ ಮಾತು ಕೊಡಬೇಡಿ, ಗುರುತು ಹುಡುಕಲು ಹೇಳಿ. ಆನೆಯ ಲದ್ದಿಯೊಳಗೆ ಬಿದಿರಿನ ನಾರು, ಕರಡಿ ಬಗೆದ ಹುತ್ತ, ಮರಳಿನಲ್ಲಿ ನೀರುನಾಯಿಯ ಹೆಜ್ಜೆ, ಮುಳ್ಳುಹಂದಿ ಉದುರಿಸಿದ ಮುಳ್ಳು. ಮುಟ್ಟಬಾರದು, ಮನೆಗೆ ತರಬಾರದು. ಫೋಟೋ ತೆಗೆಯಬಹುದು.

ಹೊಳೆಯವರೆಗೆ ಹೋಗಲು ಆಗದವರಿಗೆ, ಅಥವಾ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ಹತ್ತಿರದಲ್ಲೇ ಇನ್ನೂ ಕೆಲವು ಜಾಗಗಳಿವೆ. ಕಣ್ವ ಜಲಾಶಯ ದೂರವೇನಲ್ಲ. ಕೆಂಗಲ್ ಆಂಜನೇಯನಿಗೆ ಕೈಮುಗಿದು ಅತ್ತ ತಿರುಗಿದರೆ ಸಂಜೆಯ ಬೆಳಕಿನಲ್ಲಿ ಏರಿಯ ಮೇಲೆ ಒಂದು ಸುತ್ತು. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಮೆಟ್ಟಿಲು ಹತ್ತಿ ಪಟ್ಟಾಭಿರಾಮನ ದರ್ಶನ ಮಾಡಿ, ಎದುರಿನ ಬಂಡೆಯ ಕಡಿದಾದ ಮುಖದಲ್ಲಿ ಬಿಳಿ ಕಲೆಗಳಿರುವ ಕಡೆ ನೋಡಿದರೆ ಉದ್ದ ಕೊಕ್ಕಿನ ರಣಹದ್ದು ಕಾಣಬಹುದು. ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನದ ಮಾಂಸದ ಮೂಲಕ ಈ ಹಕ್ಕಿಗಳ ಮೂತ್ರಪಿಂಡ ಕೆಡಿಸಿ ದೇಶದಾದ್ಯಂತ ಅವುಗಳನ್ನು ಅಳಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದರ ಬಳಕೆ ನಿಷೇಧವಾಯಿತು. 'ಶೋಲೆ' ಸಿನಿಮಾ ತೆಗೆದ ಬಂಡೆಗಳು ಇವೇ ಎಂದು ತೋರಿಸಿದರೆ ಅಪ್ಪಂದಿರಿಗೆ ಖುಷಿ, ಮಕ್ಕಳಿಗೆ ಆ ಹೆಸರೇ ಗೊತ್ತಿರುವುದಿಲ್ಲ.

ಮಾಗಡಿಯ ಸಾವನದುರ್ಗಕ್ಕೆ ಹೋದರೆ ಬಂಡೆ ಹತ್ತುವ ಆಸೆ ಬಿಟ್ಟು ಬುಡದ ವೀರಭದ್ರಸ್ವಾಮಿ, ನರಸಿಂಹಸ್ವಾಮಿ ಗುಡಿಗಳ ಸುತ್ತಲಿನ ಕಾಡಿನಲ್ಲಿ ನಡೆದಾಡಿ. ಹತ್ತುವುದು ಸುಲಭ, ನುಣ್ಣನೆಯ ಕಲ್ಲಿನ ಮೇಲೆ ಮಗುವಿನ ಕೈ ಹಿಡಿದು ಇಳಿಯುವುದು ಸುಲಭವಲ್ಲ. ಬೆಟ್ಟ ಹತ್ತಲೇಬೇಕೆನ್ನುವವರು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮುಂಚೆಯೇ ಟಿಕೆಟ್ ವಿಚಾರಿಸಿಕೊಳ್ಳಿ. ಸಂಗಮದ ದಾರಿಯ ಚುಂಚಿ ಜಲಪಾತವನ್ನು ಚಿಕ್ಕ ಮಕ್ಕಳಿರುವವರು ಬಿಟ್ಟುಬಿಡುವುದೇ ಸರಿ.

ಬುತ್ತಿ ಮತ್ತು ಗಂಟು

ಕ್ಯಾಂಪಿನಲ್ಲಿ ಊಟ ಇರುವುದರಿಂದ ಒಲೆ, ಪಾತ್ರೆ ಹೊರುವ ಕೆಲಸವಿಲ್ಲ. ಆದರೂ ದಾರಿಗೆ ಬುತ್ತಿ ಬೇಕು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಎರಡು ದಿನ ಕೆಡುವುದಿಲ್ಲ. ಪುಳಿಯೋಗರೆ ಅದೇ ದಿನ ಮುಗಿಸಿ. ಹುರಿಗಾಳು, ಕಡಲೆಕಾಯಿ, ನಿಪ್ಪಟ್ಟು ಸಂಜೆಗೆ. ಬಾಳೆಹಣ್ಣು, ಹಲಸು, ಕಬ್ಬು ಟೆಂಟಿನೊಳಗೆ ಬೇಡ. ವಾಸನೆಗೆ ಕೋತಿ ಹಗಲಲ್ಲೇ ಬರುತ್ತದೆ, ರಾತ್ರಿ ಇನ್ನೂ ದೊಡ್ಡವರು ಬಂದರೆ ಕಷ್ಟ. ಮುತ್ತತ್ತಿ, ಸಂಗಮಗಳ ಕೋತಿಗಳಿಗೆ ಬ್ಯಾಗಿನ ಜಿಪ್ ತೆರೆಯಲು ಯಾರೂ ಕಲಿಸಬೇಕಿಲ್ಲ. ಕುಡಿಯುವ ನೀರನ್ನು ಸ್ಟೀಲ್ ಬಾಟಲಿಯಲ್ಲಿ ಮನೆಯಿಂದಲೇ ತುಂಬಿಸಿಕೊಳ್ಳಿ. ಕೊಂಡುಹೋದ ಕವರು, ಬಾಟಲಿ, ಡೈಪರ್ ಎಲ್ಲ ಅದೇ ಚೀಲದಲ್ಲಿ ವಾಪಸು ಬರಬೇಕು. ಮುತ್ತತ್ತಿಯ ದಡದಲ್ಲಿ ಭಾನುವಾರ ಸಂಜೆ ಬರಿಗಾಲಲ್ಲಿ ನಡೆಯಲು ಹೆದರಿಕೆಯಾಗುವುದು ಹಾವಿಗಲ್ಲ, ಒಡೆದ ಬಾಟಲಿಯ ಚೂರಿಗೆ.

ಬಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮಣ್ಣಿನ ಬಣ್ಣದ ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು, ಹಳೆಯ ಶೂ, ಎರಡೆರಡು ಜೊತೆ ಸಾಕ್ಸ್. ಡಿಸೆಂಬರ್, ಜನವರಿಯಲ್ಲಿ ಹೊಳೆಯ ಕಣಿವೆಗೆ ಬೆಳಗಿನ ಜಾವ ಒಳ್ಳೆ ಚಳಿ, ಸ್ವೆಟರು ಮತ್ತು ಕಿವಿ ಮುಚ್ಚುವ ಟೋಪಿ ಬೇಕೇ ಬೇಕು. ತಲೆಗೊಂದು ಟಾರ್ಚ್, ಮಕ್ಕಳ ಕೊರಳಿಗೆ ಪೀಪಿ. ದಾರಿ ತಪ್ಪಿದರೆ ಕೂಗುವ ಬದಲು ನಿಂತಲ್ಲೇ ನಿಂತು ಊದಬೇಕು ಎಂದು ಕಲಿಸಿ, ಕ್ಯಾಂಪಿಗೆ ಹೋದ ಕೂಡಲೇ ಒಮ್ಮೆ ಅಭ್ಯಾಸ ಮಾಡಿಸಿ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನಕ್ಕಲ್ಲ, ನಾಲ್ಕು ದಿನಕ್ಕೆ ಇಟ್ಟುಕೊಳ್ಳಿ. ಕಾಡಿನೊಳಗೆ ಮೆಡಿಕಲ್ ಸ್ಟೋರ್ ಇಲ್ಲ, ಮೊಬೈಲ್ ಸಿಗ್ನಲ್ ನಂಬಿಕೊಳ್ಳುವ ಹಾಗಿಲ್ಲ. ಕ್ಯಾಂಪಿನ ಫೋನ್ ನಂಬರನ್ನು ಮನೆಯಲ್ಲಿ ಉಳಿದವರಿಗೆ ಬರೆದುಕೊಟ್ಟು ಬನ್ನಿ.

ಹಾವಿನ ಮಾತು ಬಂದೇ ಬರುತ್ತದೆ. ನಮ್ಮ ಭಾಗದಲ್ಲಿ ಜೀವಕ್ಕೆ ಅಪಾಯವಾಗುವವು ಮುಖ್ಯವಾಗಿ ನಾಗರ, ಕೊಳಕುಮಂಡಲ, ಕಟ್ಟುಹಾವು, ಗರಗಸಮಂಡಲ. ಇವುಗಳಲ್ಲಿ ಟೆಂಟಿನವರು ನೆನಪಿಡಬೇಕಾದ್ದು ಕಟ್ಟುಹಾವನ್ನು. ಅದು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ಕಚ್ಚಿದ ಜಾಗದಲ್ಲಿ ನೋವು ಊತ ಎರಡೂ ಇಲ್ಲದಿರಬಹುದು. ಅದಕ್ಕೇ ಮಂಚ, ಪೂರ್ತಿ ಎಳೆದ ಜಿಪ್, ಸೊಳ್ಳೆಪರದೆ. ಬೆಳಿಗ್ಗೆ ಶೂ ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿ, ಚೇಳು ಅಲ್ಲೇ ಬೆಚ್ಚಗೆ ಕೂತಿರಬಹುದು. ಕಚ್ಚಿದರೆ ಬ್ಲೇಡು ಹಾಕುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸುವುದು ಯಾವುದೂ ಬೇಡ. ಕೈಕಾಲು ಅಲ್ಲಾಡದಂತೆ ಮಾಡಿ, ಉಂಗುರ ಬಳೆ ತೆಗೆದು, ಕ್ಯಾಂಪಿನ ಜೀಪಿನಲ್ಲೇ ಕನಕಪುರದ ಆಸ್ಪತ್ರೆಗೆ. ಸಿಗ್ನಲ್ ಸಿಕ್ಕ ಕಡೆ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ದಾರಿಯಲ್ಲೇ ಎದುರಾಗಬಹುದು. ಈ ನಾಲ್ಕು ಹಾವುಗಳಿಗೂ ಒಂದೇ ಪ್ರತಿವಿಷ, ಹಾಗಾಗಿ ಹಾವನ್ನು ಹೊಡೆದು ತಂದು ಡಾಕ್ಟರಿಗೆ ತೋರಿಸುವ ಅಗತ್ಯವೂ ಇಲ್ಲ.

ಎರಡು ದಿನ, ಒಂದೇ ದಡ

ಶನಿವಾರ ಬೆಳಿಗ್ಗೆ ದೊಡ್ಡಮಳೂರಿನಲ್ಲೇ ಅಂಬೆಗಾಲು ಕೃಷ್ಣನ ದರ್ಶನ ಮುಗಿಸಿ ಹೊರಡಬಹುದು. ಬೆಂಗಳೂರಿನಿಂದ ಬರುವ ನೆಂಟರು ಜೊತೆ ಸೇರುವುದಿದ್ದರೆ ಒಂದು ಎಚ್ಚರಿಕೆ: 2023ರಲ್ಲಿ ಶುರುವಾದ ಎಕ್ಸ್‌ಪ್ರೆಸ್ ಹೆದ್ದಾರಿ ರಾಮನಗರ, ಚನ್ನಪಟ್ಟಣ ಎರಡನ್ನೂ ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಹೊರಗೆ ಬರುವ ದಾರಿ ತಪ್ಪಿದರೆ ಮದ್ದೂರಿನವರೆಗೆ ಹೋಗಿ ವಡೆ ತಿಂದೇ ತಿರುಗಬೇಕಾಗುತ್ತದೆ. ಹಳೇ ರಸ್ತೆಯೇ ವಾಸಿ. ಬೈಕಿನಲ್ಲಿ ಬರುವವರಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ.

ಚನ್ನಪಟ್ಟಣದಲ್ಲಿ ಪೆಟ್ರೋಲ್ ತುಂಬಿಸಿ ಸಾತನೂರು ರಸ್ತೆ ಹಿಡಿಯಿರಿ. ಸಾತನೂರಿಗೆ ಮುಂಚೆ ಕಬ್ಬಾಳು ಸಿಗುತ್ತದೆ. ಕಬ್ಬಾಳಮ್ಮನ ಒಕ್ಕಲಿನವರು ಇಳಿಯದೆ ಮುಂದೆ ಹೋಗುವುದಿಲ್ಲ, ಅರ್ಧ ಗಂಟೆ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಗುಡಿಯ ಹಿಂದಿರುವ ಕಬ್ಬಾಳದುರ್ಗ ಕಡಿದಾದ ಬೆಟ್ಟ, ಆ ದಿನಕ್ಕಲ್ಲ. ಸಾತನೂರು, ದೊಡ್ಡಆಲಹಳ್ಳಿ ದಾಟಿದ ಮೇಲೆ ರಸ್ತೆ ಕಾಡಿನೊಳಗೆ ಇಳಿದು ಸಂಗಮ ಸೇರುತ್ತದೆ. ನಮ್ಮ ಜಿಲ್ಲೆಯ ಉದ್ದಕ್ಕೂ ಹರಿದು ಬಂದ ಅರ್ಕಾವತಿ ಕಾವೇರಿಗೆ ಕೂಡುವ ಜಾಗ ಅದು. ಗಾಳಿಬೋರೆಗೆ ಅಲ್ಲಿಂದ ಹೊಳೆಯ ಪಕ್ಕದ ಕಾಡುದಾರಿ. ತಗ್ಗಿನ ಕಾರುಗಳು ನಿಧಾನ ಹೋಗಬೇಕು, ಎಲ್ಲೂ ಇಳಿಯಬಾರದು. ಮಧ್ಯಾಹ್ನದ ಊಟದ ಹೊತ್ತಿಗೆ ಕ್ಯಾಂಪ್ ಸೇರುವಂತೆ ಹೊರಡಿ.

ಊಟವಾದ ಮೇಲೆ ಏನೂ ಮಾಡಬೇಡಿ. ಮರದ ನೆರಳಿನಲ್ಲಿ ಹಿರಿಯರು ಕಣ್ಣು ಮುಚ್ಚಲಿ, ಮಕ್ಕಳು ಇರುವೆ ಸಾಲು ನೋಡಲಿ. ನಾಲ್ಕೂವರೆಗೆ ತೆಪ್ಪ. ಕತ್ತಲಾದ ಮೇಲೆ ಕ್ಯಾಂಪಿನವರು ಬೆಂಕಿ ಹಾಕಿದರೆ ಅದರ ಸುತ್ತ ಕೂರಿ, ಅವರು ಹಾಕದಿದ್ದರೆ ಒತ್ತಾಯ ಬೇಡ. ಅಮಾವಾಸ್ಯೆಯ ಹತ್ತಿರದ ದಿನಗಳನ್ನು ಆರಿಸಿಕೊಂಡಿದ್ದರೆ ಚನ್ನಪಟ್ಟಣದಲ್ಲಿ ಈಗ ಕಾಣದಷ್ಟು ನಕ್ಷತ್ರ ಕಾಣುತ್ತವೆ. ಮೃಗಶಿರ, ಕೃತ್ತಿಕೆ ಗುರುತಿಸಲು ಅಜ್ಜಿಗೇ ಹೇಳಿ, ಫೋನಿನ ಆ್ಯಪ್ ಬೇಡ. ರಾತ್ರಿ ಬಚ್ಚಲಿಗೆ ಹೋಗುವುದಾದರೆ ಟಾರ್ಚ್ ನೆಲಕ್ಕೆ ಹಿಡಿದು ದೊಡ್ಡವರೊಬ್ಬರು ಮುಂದೆ.

ಭಾನುವಾರ ಬೆಳಿಗ್ಗೆ ನಡಿಗೆ, ತಿಂಡಿ, ಹೊಳೆಯ ಎದುರು ಇನ್ನೊಂದು ಗಂಟೆ. ಆಮೇಲೆ ಮೇಕೆದಾಟಿಗೆ ಹೋಗಬೇಕೋ ಬೇಡವೋ ಎಂಬ ಚರ್ಚೆ ಎಲ್ಲ ಮನೆಯಲ್ಲೂ ಏಳುತ್ತದೆ. ಸಂಗಮದಲ್ಲಿ ನೀರು ಶಾಂತವಾಗಿದ್ದರೆ ತೆಪ್ಪದಲ್ಲಿ ದಾಟಿ, ಆಚೆ ಕಡೆ ನಿಂತಿರುವ ಹಳೇ ಬಸ್ಸಿನಲ್ಲಿ ನಾಲ್ಕೈದು ಕಿಲೋಮೀಟರ್ ಕುಲುಕಾಡಿಕೊಂಡು ಹೋಗಬೇಕು. ಅಷ್ಟು ಅಗಲದ ಕಾವೇರಿ ಬಂಡೆಗಳ ಸಂದಿಯಲ್ಲಿ ಒಂದು ಮೇಕೆ ನೆಗೆಯುವಷ್ಟು ಸಣ್ಣದಾಗಿ ನುಗ್ಗುವುದು ನೋಡುವಂಥದ್ದೇ. ಆದರೆ ಕಲ್ಲಿನ ಅಂಚಿಗೂ ನಿಮಗೂ ನಡುವೆ ಹತ್ತು ಹೆಜ್ಜೆಯ ಅಂತರ ಇರಲಿ, ಫೋನ್ ಜೇಬಿನಲ್ಲಿರಲಿ. ಓಡಾಡುವ ವಯಸ್ಸಿನ ಪುಟ್ಟ ಮಕ್ಕಳಿದ್ದರೆ ಈ ಸಲಕ್ಕೆ ಬಿಡಿ. ಬಂಡೆ ಸುಡುವ ಮಧ್ಯಾಹ್ನದಲ್ಲಿ ಮಗುವಿನ ಕೈ ಎಳೆದಾಡುತ್ತ ನೋಡಿದ ಮೇಕೆದಾಟು ಯಾರಿಗೂ ನೆನಪಿರುವುದಿಲ್ಲ.

ಅಜ್ಜಿಗೆ ಮುತ್ತತ್ತಿರಾಯನ ಹರಕೆ ಇದ್ದರೆ ಯೋಜನೆಯನ್ನೇ ಬದಲಿಸಿ: ಹಲಗೂರು ದಾರಿಯಲ್ಲಿ ಹೋಗಿ, ಮುತ್ತತ್ತಿಯಲ್ಲಿ ಪೂಜೆ 11 ಗಂಟೆಯೊಳಗೆ ಮುಗಿಸಿ, ಭೀಮೇಶ್ವರಿಯಲ್ಲಿ ಉಳಿಯಿರಿ. ನಟ ರಾಜ್‌ಕುಮಾರ್ ಅವರಿಗೆ ಇಟ್ಟ ಮುತ್ತುರಾಜ ಎಂಬ ಹೆಸರು ಈ ದೇವರದೇ. ಸೀತೆಯ ಮೂಗುತಿಯ ಮುತ್ತು ಹೊಳೆಗೆ ಬಿದ್ದು ಹನುಮಂತ ಹುಡುಕಿಕೊಟ್ಟ ಕಥೆಯನ್ನು ದಡದಲ್ಲೇ ಕೂತು ಮಕ್ಕಳಿಗೆ ಹೇಳಬಹುದು. ಶ್ರಾವಣ ಶನಿವಾರಗಳಂದು ಮಾತ್ರ ಕಾಲಿಡಲು ಜಾಗವಿರುವುದಿಲ್ಲ. ಎರಡು ಕಡೆಯನ್ನೂ ಒಂದೇ ಪ್ರವಾಸದಲ್ಲಿ ಸೇರಿಸಲು ಹೋಗಬೇಡಿ. ನಕ್ಷೆಯಲ್ಲಿ ಒಂದೇ ಹೊಳೆಯ ಅಕ್ಕಪಕ್ಕ ಕಂಡರೂ ರಸ್ತೆಯಲ್ಲಿ ಸುತ್ತಿ ಬರಬೇಕು.

ಯಾವ ದಾರಿಯಾದರೂ ಮಧ್ಯಾಹ್ನ ಮೂರು ಗಂಟೆಯೊಳಗೆ ಕಾಡು ಬಿಡಿ. ಸಂಜೆಗತ್ತಲಲ್ಲಿ ಆನೆ ರಸ್ತೆಗೆ ಬರುವುದು ಇಲ್ಲಿನವರಿಗೆ ದಿನನಿತ್ಯದ ಮಾತು. ಎದುರಾದರೆ ಹಾರನ್ ಹೊಡೆಯದೆ, ದೀಪ ಆಡಿಸದೆ, ದೂರದಲ್ಲೇ ನಿಂತು ಅದು ದಾಟುವ ತನಕ ಕಾಯಬೇಕು. ಬೇಗ ಹೊರಟರೆ ಸಾತನೂರಿನಲ್ಲಿ ಟೀ ಕುಡಿದು ಬೆಳಕಿರುವಾಗಲೇ ಚನ್ನಪಟ್ಟಣ. ಮನೆ ಸೇರಿದ ಮೇಲೆ ಮಕ್ಕಳು ಎಷ್ಟೇ ನಿದ್ದೆಗಣ್ಣಿನಲ್ಲಿದ್ದರೂ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಮಂಡಿಯ ಹಿಂಬದಿಯಲ್ಲಿ ಉಣ್ಣೆ ಕಚ್ಚಿಕೊಂಡಿದೆಯಾ ನೋಡಿ. ಇದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಎಣ್ಣೆ ಸುಣ್ಣ ಹಚ್ಚುವುದು ಬೇಡ. ಮುಂದಿನ ಒಂದೆರಡು ವಾರದಲ್ಲಿ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.